ಮಾಲಿಂಗ ಮಾಸ್ತರ ಓದಿದ ಮೂರು ಹಾಳೆ

ಕುಲಗೋಡದ ಮಾಲಿಂಗ ಮಾಸ್ತರನ ಲ್ಯಾಪ್‌ಟಾಪಿಗೆ ಆಗ ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಎದ್ದು ಅದರ ಗುಂಡಿ ಒತ್ತಿ, ಮುಖ ತೊಳೆದು, ಜಳಕ ಮುಗಿಸಿ, ಚಹಾ ಕುಡಿದು ಬಂದು ಕೂತರೂ ಅದು ಪೂರ್ತಿ ಎದ್ದಿರುತ್ತಿರಲಿಲ್ಲ. ಒಳಗೆ ಏನೋ ಕೆರೆದ ಹಾಗೆ ಗರಗರ ಸದ್ದು ಬರುತ್ತಿತ್ತು, ಅಷ್ಟೆ. ಕಣ್ಣಿದ್ದವರಾದರೆ ಇಂಥ ಯಂತ್ರವನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ಮಾಲಿಂಗನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಅದರಲ್ಲಿತ್ತು. ಅವನ ಓದು, ಬರಹ ಎಲ್ಲ ಆ ದನಿಯ ಮೂಲಕವೇ ನಡೆಯಬೇಕು. ಈಗ ಒಂದು ಅಕ್ಷರ ಒತ್ತಿದರೆ ದನಿ ಅದನ್ನು ಹೇಳುವ ಹೊತ್ತಿಗೆ ಏಳೆಂಟು ಎಣಿಸಬಹುದಿತ್ತು. ಒಂದು ವಾಕ್ಯ ಬರೆಯುವಷ್ಟರಲ್ಲಿ ಏನು ಬರೆಯಹೊರಟಿದ್ದೆ ಎಂಬುದೇ ಮರೆಯುತ್ತಿತ್ತು.

ಜೊತೆಗೆ ಒಂದು ಸ್ಕ್ಯಾನರ್ ಇತ್ತು. ಅಚ್ಚಾದ ಹಾಳೆಯನ್ನು ಅದರ ಗಾಜಿನ ಮೇಲೆ ಮಲಗಿಸಿದರೆ ಲ್ಯಾಪ್‌ಟಾಪು ಅಕ್ಷರ ಗುರುತಿಸಿ ಓದುತ್ತಿತ್ತು. ಒಂದು ಹಾಳೆಗೆ ಕಾಲು ಗಂಟೆ ಹಿಡಿಯತೊಡಗಿ, ನಡುವೆಯೇ ಎಲ್ಲ ನಿಂತುಹೋಗುವುದು ಶುರುವಾದ ಮೇಲೆ ಅವನು ಅದಕ್ಕೆ ಬಟ್ಟೆ ಹೊದಿಸಿ ಇಟ್ಟುಬಿಟ್ಟಿದ್ದ. ಎರಡು ವರ್ಷದಿಂದ ಅವನಿಗೆ ಬೇಕಾದ ಕಾಗದವನ್ನೆಲ್ಲ ಬೇರೆಯವರೇ ಓದಿ ಹೇಳುತ್ತಿದ್ದರು. ಗಾಜಿನ ಫೋನು ಅವನ ಬೆರಳಿಗೆ ಒಗ್ಗಿರಲಿಲ್ಲ, ಗುಂಡಿಗಳ ಫೋನನ್ನೇ ಇಟ್ಟುಕೊಂಡಿದ್ದ.

ಅವನ ಮನೆತನ ಕುರಿ ಕಾಯುವವರದು. ಆರನೆಯ ವಯಸ್ಸಿನಲ್ಲಿ ದಡಾರ ಎದ್ದು, ಜ್ವರ ಇಳಿಯುವಷ್ಟರಲ್ಲಿ ಕಣ್ಣು ಹೋಗಿದ್ದವು. ಕುರಿಗಾರರ ಮನೆಯಲ್ಲಿ ಕಾಣದ ಹುಡುಗನಿಗೆ ಮಾಡಲು ಏನೂ ಇರಲಿಲ್ಲ. ಅಪ್ಪ ಅವನನ್ನು ಬೆಳಗಾವಿಯ ಅಂಧ ಮಕ್ಕಳ ಶಾಲೆಗೆ ಬಿಟ್ಟುಬಂದ. ಅಲ್ಲಿ ಬೆರಳಿನಿಂದ ಓದಲು ಕಲಿತ, ಕೋಲು ಹಿಡಿದು ನಡೆಯಲು ಕಲಿತ, ತನ್ನ ಬಟ್ಟೆ ತಾನೇ ಒಗೆದುಕೊಂಡ. ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ಮೂವರು ಗೆಳೆಯರು ಕೂಡಿ ಕೋಣೆ ಮಾಡಿದ್ದರು. ವಾರಕ್ಕೆ ಎರಡು ದಿನ ಅಡಿಗೆ ಅವನ ಪಾಳಿ. ಆಮೇಲೆ ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರಿಕೆ ಸಿಕ್ಕಿತು. ಊರಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದ.

ಮೂವತ್ತನೆಯ ವಯಸ್ಸಿಗೆ ಹುಕ್ಕೇರಿಯ ವಿಜಯಲಕ್ಷ್ಮಿಯೊಂದಿಗೆ ಮದುವೆಯಾಯಿತು. ಅವಳು ಏಳನೆಯ ಇಯತ್ತೆ ಕಲಿತವಳು. ಹೆಣ್ಣು ನೋಡಲು ಹೋದಾಗ, ನೋಡುವ ಮಾತೇ ಇಲ್ಲವಲ್ಲ, ಏನಾದರೂ ಮಾತಾಡಿ ಎಂದು ಹಿರಿಯರು ಇಬ್ಬರನ್ನೇ ಬಿಟ್ಟಿದ್ದರು. ಅವಳು, ಕತ್ತಲಾದರೆ ನಿಮಗೆ ಅಂಜಿಕೆಯಾಗುವುದಿಲ್ಲವೇ ಎಂದು ಕೇಳಿದಳು. ಮಾಲಿಂಗನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಒಪ್ಪಿಗೆ ಎಂದ.

ಮದುವೆಯಾದ ಮೇಲೆ ಅವನು ಒಲೆಯ ಹತ್ತಿರ ಹೋಗಲಿಲ್ಲ. ಮೊದಲ ವಾರ ಹೋಗಿದ್ದನೇನೋ, ಅವಳು ಕೈ ಹಿಡಿದು ಹೊರಗೆ ಕೂರಿಸಿದಳು. ನೀರು ಕಾಸಿ ಇಡುವುದು, ಅಂಗಿ ತೆಗೆದುಕೊಡುವುದು, ತಟ್ಟೆಯಲ್ಲಿ ಪಲ್ಯ ಯಾವ ಬದಿಗಿದೆ ಎಂದು ಹೇಳುವುದು, ಬೆಳಿಗ್ಗೆ ಬಸ್ಸಿನ ತನಕ ಬಂದು ಹತ್ತಿಸುವುದು, ಸಂಜೆ ಮತ್ತೆ ಅಲ್ಲೇ ಬಂದು ನಿಲ್ಲುವುದು, ಎಲ್ಲ ಅವಳದೇ. ಮಕ್ಕಳಾಗಲಿಲ್ಲ. ಅಣ್ಣ ಉದ್ದಪ್ಪ ಬಾಜೂ ಮನೆಯಲ್ಲಿದ್ದರೂ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ತಿರುಗುವವನು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಮಾಲಿಂಗನಿಗೆ ಅದು ಸುಖವಾಗಿಯೇ ಇತ್ತು.

ಆ ವರ್ಷ ಶಿವರಾತ್ರಿಯ ಮುಂದೆ ವಿಜಯಲಕ್ಷ್ಮಿಗೆ ರಕ್ತ ಹೋಗುವುದು ಶುರುವಾಯಿತು. ಅವಳ ತಮ್ಮ ಮಹಾಂತೇಶ ಹುಕ್ಕೇರಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಅವನೇ ಅವಳನ್ನು ಮೀರಜಿನ ದೊಡ್ಡ ದವಾಖಾನೆಗೆ ಎರಡು ಸಲ ಕರೆದುಕೊಂಡು ಹೋಗಿಬಂದ. ಪರೀಕ್ಷೆಯ ದಿನಗಳಾದ್ದರಿಂದ ಮಾಲಿಂಗನಿಗೆ ರಜೆ ಸಿಕ್ಕಿರಲಿಲ್ಲ. ಗರ್ಭಕೋಶದಲ್ಲಿ ಸಣ್ಣ ಹುಣ್ಣು, ಗುಳಿಗೆ ನುಂಗಿದರೆ ಮಾಯುತ್ತದೆ ಎಂದು ಮಹಾಂತೇಶ ಕಡತ ತಿರುವಿಹಾಕುತ್ತ ಹೇಳಿದ. ಇಂಗ್ಲಿಷ್ ಕಾಗದಗಳನ್ನು ಆ ಮನೆಯಲ್ಲಿ ಓದಿ ಹೇಳುತ್ತಿದ್ದವನು ಎರಡು ವರ್ಷದಿಂದ ಅವನೇ. ಮಾಲಿಂಗ ನಂಬಿದ.

ಬೇಸಿಗೆ ಕಳೆದು ಮಳೆಗಾಲ ಬಂದರೂ ಅವಳು ಸೊಂಟ ಹಿಡಿದುಕೊಂಡು ಏಳುವುದು ಅವನಿಗೆ ಕೇಳಿಸುತ್ತಿತ್ತು. ಬೇರೆ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಡೆಟಾಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಒಂದೆರಡು ಸಲ ಕೇಳಿದ. ಉಷ್ಣವಾಗಿದೆ ಎಂದಳು. ಅವನು ಮತ್ತೆ ಕೇಳಲಿಲ್ಲ.

ದಸರೆಯ ರಜೆ ಬಂತು. ರಜೆ ಮುಗಿಯುವಷ್ಟರಲ್ಲಿ ಪ್ರಶ್ನೆಪತ್ರಿಕೆ ತಯಾರು ಮಾಡಿಕೊಡಬೇಕಿತ್ತು. ಈ ಯಂತ್ರದಲ್ಲಿ ಅದು ಆಗುವ ಮಾತಲ್ಲ ಎಂದು ತಿಳಿದು ಮಾಲಿಂಗ ಅದನ್ನು ಚೀಲಕ್ಕೆ ಹಾಕಿಕೊಂಡು ಗೋಕಾಕಕ್ಕೆ ಹೋದ. ಹೊಸದನ್ನೇ ತೆಗೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳಿದ್ದರು. ಆದರೆ ಆ ಕೀಲಿಗಳ ಜಾಗ ಅವನ ಬೆರಳಿಗೆ ಮನೆಯ ಹೊಸ್ತಿಲಿನಷ್ಟು ಪರಿಚಿತವಾಗಿತ್ತು. ಅದನ್ನು ಬಿಡಲು ಮನಸ್ಸಿರಲಿಲ್ಲ.

ಕೋರ್ಟಿನ ಹಿಂದಿನ ಓಣಿಯಲ್ಲಿ ಆಮ್ರಪಾಲಿ ಎಂಬುವಳ ರಿಪೇರಿ ಅಂಗಡಿ. ಮಮದಾಪುರದವಳು. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಪುಣೆಯಲ್ಲಿ ದುಡಿದು ಬಂದು ಇಲ್ಲಿ ಕೂತಿದ್ದಳು. ಅವಳು ಮೊದಲು ಲ್ಯಾಪ್‌ಟಾಪು ಬಿಚ್ಚಲಿಲ್ಲ. ನೀವು ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಿ ತೋರಿಸಿ ಎಂದಳು. ಅವನು ಒಂದು ಕೀಲಿ ಒತ್ತಿ ಸುಮ್ಮನೆ ಕೂತ. ಇಬ್ಬರೂ ಕಾದರು. ದನಿ ಬಂದಾಗ ಅವಳು ದೊಡ್ಡದೊಂದು ಉಸಿರು ಬಿಟ್ಟಳು.

ಹಿಂಬದಿಯ ತಿರುಪು ತೆಗೆದಾಗ ಫ್ಯಾನಿನ ತುಂಬ ಕುರಿಯ ಉಣ್ಣೆ ಸಿಕ್ಕಿತು. ಕಂಬಳಿಯ ಮೇಲಿಟ್ಟು ಕೆಲಸ ಮಾಡುತ್ತೀರಾ ಎಂದು ಕೇಳಿದಳು. ಹೌದು ಎಂದ. ಗಾಳಿ ಆಡದೆ ಯಂತ್ರ ಕಾಯುತ್ತದೆ, ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂದು ವಿವರಿಸಿದಳು. ತಿರುಗುವ ತಟ್ಟೆಯಿದ್ದ ಹಳೆಯ ಡಿಸ್ಕು ಸವೆದಿತ್ತು. ಅದನ್ನು ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕು ಹಾಕಬೇಕು, ಎರಡು ಜಿಬಿ ಇದ್ದ ರ್‍ಯಾಮನ್ನು ಎಂಟಕ್ಕೆ ಏರಿಸಬೇಕು.

"ಮೆದುಳು ಇನ್ನೂ ಚೊಲೊ ಐತ್ರಿ ಸರ. ನೆನಪಿಡೋ ಜಾಗಾನ ಸಾಲೂದಿಲ್ಲ, ಅಷ್ಟ," ಎಂದಳು.

ಮೂರು ದಿನ ಬಿಟ್ಟು ಹೋದಾಗ ಗುಂಡಿ ಒತ್ತಿ ಹತ್ತು ಎಣಿಸುವುದರೊಳಗೆ ದನಿ ಮಾತಾಡಿತು. ಗರಗರ ಸದ್ದು ಇರಲೇ ಇಲ್ಲ. ಮಾಲಿಂಗ ಓದುವ ವೇಗವನ್ನು ಏರಿಸುತ್ತ ಹೋದ. ಅಕ್ಷರಗಳು ಒಂದರ ಬೆನ್ನಿಗೊಂದು ಉದುರಿದವು. ಆಮ್ರಪಾಲಿಗೆ ಒಂದು ಪದವೂ ಹಿಡಿಯಲಿಲ್ಲ. ಇದು ನಿಮಗೆ ತಿಳಿಯುತ್ತದೆಯೇ ಎಂದು ಕೇಳಿದಳು. ಅವನು ಇಷ್ಟಗಲ ನಕ್ಕು, ಈಗ ತಿಳಿಯುತ್ತದೆ ಎಂದ. ಏನಾದರೂ ತೊಂದರೆಯಾದರೆ ಫೋನ್ ಮಾಡಿ ಎಂದು ಅವಳು ಬಸ್ಸಿನವರೆಗೆ ಬಂದು ಹೇಳಿ ಹೋದಳು.

ಅದು ಶನಿವಾರ. ವಿಜಯಲಕ್ಷ್ಮಿ ಹುಕ್ಕೇರಿಯಲ್ಲಿದ್ದಳು. ತಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಹೋದವಳು ಸೋಮವಾರ ಬರುವವಳಿದ್ದಳು. ಅವನ ಊಟಕ್ಕೆ ಉದ್ದಪ್ಪನ ಹೆಂಡತಿ ಕಾಶೆವ್ವನಿಗೆ ಹೇಳಿ ಹೋಗಿದ್ದಳು.

ರವಿವಾರ ಬೆಳಿಗ್ಗೆ ಕಾಶೆವ್ವ ತಂದಿಟ್ಟ ರೊಟ್ಟಿ ತಿಂದು ಮಾಲಿಂಗ ಸ್ಕ್ಯಾನರಿನ ಬಟ್ಟೆ ಸರಿಸಿದ. ಕೈಗೆ ಸಿಕ್ಕ ಕಾಗದವನ್ನು ಗಾಜಿನ ಮೇಲಿಟ್ಟ. ವಿದ್ಯುತ್ ಬಿಲ್ಲು. ಕ್ಷಣದಲ್ಲಿ ಓದಿಬಿಟ್ಟಿತು. ಯಾರದೋ ಲಗ್ನಪತ್ರಿಕೆ ಇಟ್ಟ. ವರನ ಮುತ್ತಜ್ಜನ ಹೆಸರಿನಿಂದ ಹಿಡಿದು ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿನ ತನಕ ಓದಿತು. ಎರಡು ವರ್ಷ ಬಾಯಿ ಕಟ್ಟಿದ್ದ ಮನೆ ಒಮ್ಮೆಲೇ ಮಾತಾಡತೊಡಗಿದಂತೆ ಅವನಿಗೆ ಅನ್ನಿಸಿತು. ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ ಒಂದೊಂದೇ ತೆಗೆದ. ಹಳೆಯ ವರ್ಗಾವಣೆ ಆದೇಶ, ಉದ್ದಪ್ಪನ ಕುರಿಗಳ ವಿಮೆ. ಅದರ ಕೆಳಗೆ ಪ್ಲಾಸ್ಟಿಕ್ ಹೊದಿಕೆಯ ಒಂದು ಕಡತ.

ಅದು ದವಾಖಾನೆಯದೆಂದು ಮುಟ್ಟಿದ ಕೂಡಲೇ ತಿಳಿಯಿತು. ಹುಣ್ಣಿನ ಬಗ್ಗೆ ಏನು ಬರೆದಿದ್ದಾರೋ ನೋಡೋಣ, ಇಷ್ಟು ದಿನವಾದರೂ ಏಕೆ ಮಾಯ್ದಿಲ್ಲ ಎಂದುಕೊಂಡು ಹಾಳೆ ತೆಗೆದ. ಕೈಬರಹದ ಹಾಳೆಗಳಿಂದ ಏನೂ ಹೊರಡಲಿಲ್ಲ. ಅಚ್ಚಾದವು ಮೂರಿದ್ದವು.

ಮೊದಲನೆಯದರಲ್ಲಿ ಅವಳ ಹೆಸರು, ವಯಸ್ಸು, ರಕ್ತದ ಲೆಕ್ಕ. ಎರಡನೆಯದು ಬಯಾಪ್ಸಿ, ಗರ್ಭಕೋಶದ ತುಣುಕಿನ ಪರೀಕ್ಷೆಯ ವರದಿ. ದನಿ ಒಂದು ಉದ್ದನೆಯ ಪದವನ್ನು ತಪ್ಪಾಗಿ ಉಚ್ಚರಿಸಿತು. ಮಾಲಿಂಗ ಹಿಂದೆ ಹೋಗಿ ಅಕ್ಷರ ಅಕ್ಷರವಾಗಿ ಓದಿಸಿದ. ಕಾರ್ಸಿನೋಮಾ. ಗರ್ಭಕೋಶದ ಕೊರಳಿನ ಕ್ಯಾನ್ಸರ್, ಮೂರನೆಯ ಹಂತ. ತಾರೀಖು ಮಾರ್ಚ್ ತಿಂಗಳದು. ಏಳು ತಿಂಗಳ ಹಿಂದಿನದು.

ಮೂರನೆಯ ಹಾಳೆಯನ್ನು ಅವನು ಬಹಳ ಹೊತ್ತು ಗಾಜಿನ ಮೇಲಿಡಲಿಲ್ಲ. ಕೊನೆಗೆ ಇಟ್ಟ. ವಿಕಿರಣ ಮತ್ತು ಕೀಮೋ ಚಿಕಿತ್ಸೆಗೆ ಸಲಹೆ ನೀಡಲಾಗಿದೆ, ಐದು ವಾರ ಇಲ್ಲೇ ಉಳಿಯಬೇಕು ಎಂದಿತ್ತು. ಅದರ ಕೆಳಗೆ ಎರಡು ಸಾಲು. ರೋಗಿಗೆ ಒಪ್ಪಿಗೆಯಿಲ್ಲ. ಕಾರಣ: ಗಂಡ ಅಂಧ, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ದನಿ ಅದನ್ನು ಲಗ್ನಪತ್ರಿಕೆ ಓದಿದ ಧಾಟಿಯಲ್ಲೇ ಓದಿತು. ಅವನು ಮತ್ತೊಮ್ಮೆ ಓದಿಸಲಿಲ್ಲ.

ಕಡತವನ್ನು ಚೀಲಕ್ಕೆ ಹಾಕಿಕೊಂಡು, ಕೋಲು ಹಿಡಿದು, ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ನಡೆದ. ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಮಹಾಂತೇಶನ ಮನೆ ಅಂಗಡಿಯ ಹಿಂದೆಯೇ. ಮಾಲಿಂಗ ಒಬ್ಬನೇ ಬಂದದ್ದು ಕಂಡು ಅವರಿಗೆ ಗಾಬರಿಯಾಯಿತು. ಔಷಧಿಯ ಪೆಟ್ಟಿಗೆಗಳಿದ್ದ ಕೋಣೆಯಲ್ಲಿ ಗಂಡ, ಹೆಂಡತಿ, ತಮ್ಮ, ಮೂವರೇ ಕೂತರು. ಮಾಲಿಂಗ ಕಡತ ಹೊರತೆಗೆದ.

ಇದನ್ನು ನಿಮಗೆ ಯಾರು ಓದಿ ಹೇಳಿದರು ಎಂದು ಮಹಾಂತೇಶ ಕೇಳಿದ. ಅವನ ಮೊದಲ ಮಾತೇ ಅದು. ನಾನೇ ಓದಿದೆ ಎಂದು ಮಾಲಿಂಗ ಹೇಳಿದ. ಒಳಗೆ ಕೂಸು ಅಳುತ್ತಿತ್ತು. ಅಕ್ಕ ತನ್ನಿಂದ ಆಣೆ ಹಾಕಿಸಿಕೊಂಡಿದ್ದಳೆಂದು, ತಾನು ಎರಡು ಸಲ ಅವಳ ಕಾಲು ಹಿಡಿದು ಚಿಕಿತ್ಸೆಗೆ ಕರೆದಿದ್ದೆನೆಂದು ಮಹಾಂತೇಶ ಹೇಳಿದ. ಅದು ಸುಳ್ಳಾಗಿರಲಿಲ್ಲ. ನಂತರ ದನಿ ತಗ್ಗಿಸಿ,

"ನಿಮಗ ಹೇಳಿದ್ರ ನೀವರ ಏನ್ ಮಾಡಾವ್ರಿದ್ರಿ, ಮಾಮಾ?" ಎಂದ.

ಚುಚ್ಚಬೇಕೆಂದು ಆಡಿದ ಮಾತಲ್ಲ. ಅವನು ನಿಜವಾಗಿಯೂ ಹಾಗೆ ತಿಳಿದಿದ್ದ.

"ಅವಗ ಏನೂ ಅನಬ್ಯಾಡ್ರಿ," ಎಂದಳು ವಿಜಯಲಕ್ಷ್ಮಿ. "ನಾನ ಹೇಳೀನಿ. ಐದು ವಾರ ಅಲ್ಲೇ ಇರಬೇಕಂದ್ರು. ನಿಮಗ ಯಾರು ರೊಟ್ಟಿ ಬಡದು ಹಾಕಬೇಕು? ಬಸ್ಸಿನ ತನಕ ಯಾರು ಬರಬೇಕು?"

"ಧಾರವಾಡದಾಗ ನಾನ ಅಡಗಿ ಮಾಡ್ಕೊಂಡು ಉಂಡೀನಿ, ವಿಜಯಾ."

"ಅದು ನನಗ ಹೆಂಗ ಗೊತ್ತಾಗಬೇಕ್ರಿ? ಹದಿನಾಕು ವರ್ಷದಾಗ ಒಂದು ದಿನ ಚಹಾ ಮಾಡಿ ಕೊಟ್ಟೀರೇನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದ ಹಾಗೆ ಕೇಳಿದಳು. ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅವನು ಯಾವ ಸಿಟ್ಟು ತುಂಬಿಕೊಂಡು ಬಂದಿದ್ದನೋ, ಆ ಸಿಟ್ಟಿಗೆ ಈಗ ನಿಲ್ಲಲು ಜಾಗವಿಲ್ಲದಂತಾಯಿತು. ಅವಳು ಅವನನ್ನು ಕೈಲಾಗದವನೆಂದು ತಿಳಿದಿದ್ದಳು. ಹಾಗೆ ತಿಳಿಯುವಂತೆ ಹದಿನಾಲ್ಕು ವರ್ಷ ಕೂತು ಉಂಡವನು ಅವನೇ.

ಎರಡೇ ದಿನದಲ್ಲಿ ಅವಳನ್ನು ಮೀರಜಿಗೆ ಕರೆದುಕೊಂಡು ಹೋದರು. ಡಾಕ್ಟರು ಹೊಸ ಚಿತ್ರ ತೆಗೆಸಿ ನೋಡಿ, ಗಂಡನ ಕಡೆ ತಿರುಗಿಯೇ ಎಲ್ಲ ಹೇಳಿದರು. ರೋಗ ಮೂತ್ರಪಿಂಡದ ನಳಿಗೆಗಳನ್ನು ಒತ್ತಿತ್ತು, ಯಕೃತ್ತಿಗೂ ಹರಡಿತ್ತು. ಇನ್ನು ವಾಸಿ ಮಾಡುವ ಚಿಕಿತ್ಸೆಯಿಲ್ಲ. ರಕ್ತ ನಿಲ್ಲಲು, ನೋವು ತಗ್ಗಲು ಹತ್ತು ದಿನ ವಿಕಿರಣ ಕೊಡಬಹುದು. ಮಾರ್ಚಿನಲ್ಲೇ ಚಿಕಿತ್ಸೆ ಕೊಡಿಸಿದ್ದರೆ ಎಂದು ಮಾಲಿಂಗ ಅರ್ಧ ಕೇಳಿದ. ಅದನ್ನು ಈಗ ಮಾತಾಡುವುದು ಬೇಡ ಎಂದು ಡಾಕ್ಟರು ಅವನ ಭುಜ ಮುಟ್ಟಿದರು.

ಆದರೆ ಅವನ ಹತ್ತಿರ ಲ್ಯಾಪ್‌ಟಾಪಿತ್ತು. ದವಾಖಾನೆಯ ಹಿಂದೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿ, ಅವಳು ನಿದ್ದೆ ಹೋದ ಮಧ್ಯಾಹ್ನ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಅವನು ಆ ರೋಗದ ಬಗ್ಗೆ ಓದಿದ. ಆ ಹಂತದಲ್ಲಿ ಸರಿಯಾದ ಚಿಕಿತ್ಸೆ ಪಡೆದ ಹತ್ತು ಹೆಂಗಸರಲ್ಲಿ ನಾಲ್ವರು ಐದು ವರ್ಷ ದಾಟುತ್ತಾರೆ ಎಂದು ದನಿ ಹೇಳಿತು. ಇಂಥದ್ದೊಂದು ಸಂಗತಿ ಹುಡುಕಲು ಮೊದಲು ಅರ್ಧ ದಿನ ಬೇಕಾಗುತ್ತಿತ್ತು. ಈಗ ಅರೆ ನಿಮಿಷವೂ ಹಿಡಿಯಲಿಲ್ಲ. ಅದೇ ವಾರ ಆಮ್ರಪಾಲಿ ಫೋನ್ ಮಾಡಿ, ಲ್ಯಾಪ್‌ಟಾಪು ಸರಿಯಿದೆಯೇ ಎಂದು ವಿಚಾರಿಸಿದಳು. ಚೆನ್ನಾಗಿ ಓಡುತ್ತಿದೆ ಎಂದು ಅವನು ಹೇಳಿದ. ಬೇರೆ ಏನೂ ಹೇಳಲಿಲ್ಲ.

ಆ ಹತ್ತು ದಿನ ಕೋಣೆಯಲ್ಲಿ ಅಡಿಗೆ ಮಾಡಿದವನು ಅವನೇ. ಮಹಾಂತೇಶ ಒಂದು ಸ್ಟೋವು ತಂದುಕೊಟ್ಟಿದ್ದ. ಮೊದಲ ದಿನ ಅನ್ನ ತಳ ಹಿಡಿಯಿತು, ಎರಡನೆಯ ದಿನ ಹೆಬ್ಬೆರಳು ಸುಟ್ಟುಕೊಂಡ. ನಂತರ ಕೈಗೆ ಹಳೆಯದೆಲ್ಲ ನೆನಪಾಯಿತು. ಕೋಣೆಯಿಂದ ವಿಕಿರಣದ ವಿಭಾಗಕ್ಕೆ ಎಷ್ಟು ಹೆಜ್ಜೆ, ಎಲ್ಲಿ ಮೆಟ್ಟಿಲು, ಎಲ್ಲಿ ಗಾಲಿಕುರ್ಚಿ ಸಿಗುತ್ತದೆ ಎಂಬುದನ್ನು ಮೂರನೆಯ ದಿನದ ಹೊತ್ತಿಗೆ ಕಲಿತಿದ್ದ. ಅವಳ ಬಟ್ಟೆಗಳನ್ನೂ ಒಗೆದು ಹಾಕುತ್ತಿದ್ದ. ಅವಳು ಮಲಗಿದಲ್ಲಿಂದ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಸಂಜೆ ಅವಳು, ನಿಮ್ಮ ಸಲುವಾಗಿ ಅಂತ ಬರೆಸಿದ್ದೇನೋ ಖರೆ, ಆದರೆ ತನಗೂ ಅಂಜಿಕೆಯಿತ್ತು ಎಂದಳು. ವಿಕಿರಣದ ಕರೆಂಟು ಕೊಟ್ಟರೆ ಒಳಗೆಲ್ಲ ಸುಡುತ್ತದೆ ಎಂದು ಆಗ ಪಕ್ಕದ ಹಾಸಿಗೆಯವಳು ಹೇಳಿದ್ದಳಂತೆ. ಮಾಲಿಂಗ ಅವಳ ಕಾಲು ಒತ್ತುತ್ತ ಕೂತಿದ್ದ. ಅದು ನಿಜವೋ, ಅವನ ಭಾರ ಇಳಿಸಲು ಹೇಳಿದ್ದೋ ಅವನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ.

ಊರಿಗೆ ಮರಳಿದ ಮೇಲೆ ಅವಳು ಮೂರು ತಿಂಗಳು ಬದುಕಿದಳು. ಅವನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲೇ ಉಳಿದ. ಕಡೆಯ ಮೂರು ವಾರ ನೋವಿನ ಗುಳಿಗೆ ನಾಲ್ಕು ತಾಸಿಗೊಮ್ಮೆ ಕೊಡಬೇಕಾಗುತ್ತಿತ್ತು. ಕಾಶೆವ್ವ ಬಂದು ಸಹಾಯ ಮಾಡುತ್ತೇನೆಂದರೂ ಅವನು ಗುಳಿಗೆಯ ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ. ಜನವರಿಯ ಕೊನೆಯಲ್ಲಿ, ಜೋಳದ ತೆನೆ ಕಾಳು ಕಟ್ಟುವ ಹೊತ್ತಿಗೆ, ಒಂದು ಬೆಳಿಗ್ಗೆ ಅವಳ ಉಸಿರಿನ ಲಯ ತಪ್ಪಿದ್ದು ಅವನಿಗೇ ಮೊದಲು ಕೇಳಿಸಿತು. ಅಣ್ಣನಿಗೆ ಫೋನ್ ಮಾಡಿಸಿದ. ಉದ್ದಪ್ಪ ಕುರಿ ಬಿಟ್ಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಮರುದಿನದಿಂದ ಕಾಶೆವ್ವ ಎರಡು ಹೊತ್ತೂ ಊಟ ಕಳಿಸಿದಳು. ಸೂತಕದ ದಿನಗಳೆಲ್ಲ ಮುಗಿದ ಮೇಲೆ ಮಾಲಿಂಗ ಬೇಡ ಎಂದ. ಅವಳಿಗೆ ಬೇಸರವಾಯಿತು. ಸೊಕ್ಕು ಎಂದು ಓಣಿಯಲ್ಲಿ ಕೆಲವರು ಆಡಿಕೊಂಡರು. ಅವನು ಯಾರಿಗೂ ಬಿಡಿಸಿ ಹೇಳಲಿಲ್ಲ. ರೊಟ್ಟಿ ಬಡಿಯಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅನ್ನ ಸಾರಿನಲ್ಲೇ ದಿನ ಕಳೆಯುತ್ತಿದ್ದ. ಶಾಲೆಗೆ ಹೋಗತೊಡಗಿದ. ಬಸ್ಸಿನ ತನಕ ಒಬ್ಬನೇ ನಡೆಯುವುದನ್ನು ಕಂಡು ಜನ ಮೊದಮೊದಲು ಕೈ ಹಿಡಿಯಲು ಬರುತ್ತಿದ್ದರು, ಆಮೇಲೆ ಬಿಟ್ಟರು.

ಯುಗಾದಿಯ ಮುಂದೆ ಒಂದು ರವಿವಾರ ಮಹಾಂತೇಶ ಬಂದ. ಕಟ್ಟೆಯ ಮೇಲೆ ಕೂತು, ತನ್ನದು ತಪ್ಪಾಯಿತು, ಅಕ್ಕನ ಆಣೆ ಮುರಿದು ಹೇಳಬೇಕಾಗಿತ್ತು ಎಂದ. ಮಾಲಿಂಗ ಹೌದು ಎಂದಷ್ಟೇ ಹೇಳಿದ. ಊಟವಾಯಿತು. ಮಹಾಂತೇಶ ಏಳುವ ಹೊತ್ತಿಗೆ ಮಾಲಿಂಗ ಇಷ್ಟು ದಿನ ಒಳಗಿಟ್ಟುಕೊಂಡ ಒಂದೇ ಒಂದು ಪ್ರಶ್ನೆ ಕೇಳಿದ.

"ಆವತ್ತು ಮೀರಜಿನಾಗ ಚಿಕಿತ್ಸೆ ಒಲ್ಲೆ ಅಂತ ಸಹಿ ಮಾಡುವಾಗ ಅತ್ತಳೇನು?"

ಎದ್ದಿದ್ದ ಮಹಾಂತೇಶ ಮತ್ತೆ ಕೂತ.

"ಇಲ್ಲ ಮಾಮಾ," ಎಂದ. "ಊರ ಕಡೆ ಘಟಪ್ರಭಾಕ್ಕ ಹೋಗೋ ಗಾಡಿ ಎಷ್ಟಕ್ಕೈತಿ ಅಂತ ಕೇಳಿದ್ಳು. ಐದರೊಳಗ ಮನಿ ಮುಟ್ಟಬೇಕು ಅಂದ್ಳು. ನಿಮ್ಮ ಸಾಲಿ ಐದಕ್ಕ ಬಿಡತೈತಲ್ಲ, ಬಸ್ಸಿನ ಹತ್ರ ಬಂದು ನಿಲ್ಲಬೇಕಿತ್ತು."

ಮಾಲಿಂಗ ತಲೆಯಾಡಿಸಿದ. ಬಾಗಿಲ ತನಕ ಅವನನ್ನು ಕಳಿಸಿ ಬಂದು, ಎರಡೂ ತಟ್ಟೆ ತೊಳೆದು, ಒರೆಸಿ ಇಟ್ಟ. ಆಮೇಲೆ ಅಡಿಗೆಮನೆಯಲ್ಲೇ ನೆಲದ ಮೇಲೆ ಕೂತ.